ಕೊನೆಯ ಹೆಸರು

ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಅಕ್ರೋಟಿನಂಥ ಪೀಕನ್ ಕಾಯಿ ಸುಲಿದ ನನ್ನಮ್ಮ ಕಸಿಲ್ದಾಳಿಗೆ, ಅರವತ್ತೇಳು ತುಂಬಿದಾಗ ಪಿಂಚಣಿ ಕಚೇರಿಯವರು, ನೀವು ದುಡಿದದ್ದು ಏಳೇ ವರ್ಷ, ಹತ್ತಾಗಬೇಕು ಎಂದುಬಿಟ್ಟರು. ಆ ಏಳು, ಆಮೇಲೆ ಹೋಟೆಲಿನಲ್ಲಿ ಚಾದರ ಮಡಿಸಿದ ವರ್ಷಗಳು. ಕಾರ್ಖಾನೆಯ ವರ್ಷಗಳು ಬೇರೆ ಯಾವುದೋ ಹೆಸರಿಗೆ ಹೋಗಿದ್ದವು. ಕಾರ್ಖಾನೆ ಮುಚ್ಚಿತ್ತು, ಆ ಹೆಸರಿನವಳು ಇವಳೇ ಎನ್ನಲು ಸಾಕ್ಷಿಗೆ ಯಾರೂ ಇರಲಿಲ್ಲ. ಗಂಟುಕಟ್ಟಿದ ಬೆರಳುಗಳಲ್ಲಿ ಅಮ್ಮ ಇನ್ನೂ ಮೂರು ವರ್ಷ ಚಾದರ ಮಡಿಸಬೇಕಿತ್ತು.

ನನಗೆ ಮೈಯೆಲ್ಲ ಉರಿಯಿತು. ಅದೇ ವಸಂತದಲ್ಲಿ, ಪಿಂಚಣಿಯನ್ನು ಎಲ್ಲರ ನಿಧಿಯಿಂದ ತೆಗೆದು ಅವರವರ ಖಾತೆಗೆ, ಷೇರು ಪೇಟೆಗೆ ಹಾಕಬೇಕೆಂಬ ಮಾತು ಸ್ಯಾನ್ ಆಂಟೋನಿಯೊದ, ಸ್ಪ್ಯಾನಿಷ್ ಮಾತಾಡುವ ನಮ್ಮ ಕೇರಿಗೂ ಬಂತು. ಹಾಗೇ ಆಗಲಿ ಎಂದವಳು ನಾನು. ಅಮ್ಮನನ್ನು ಚರ್ಚಿನ ಸಭೆಗೆ ಎಳೆದುಕೊಂಡು ಹೋದವಳೂ ನಾನೇ.

ಟೈ ಕಟ್ಟಿದ ಯುವಕನೊಬ್ಬ, ನಮ್ಮವನೇ, ಅಜ್ಜಿಯಿಂದ ಕಲಿತು ಅರ್ಧ ಮರೆತ ಸ್ಪ್ಯಾನಿಷಿನಲ್ಲಿ ಹೇಳಿದ: "ನಿಮ್ ದುಡ್ಡು, ನಿಮ್ದೇ ಹೆಸ್ರಲ್ಲಿ. ಯಾರೂ ಮುಟ್ಟೋ ಹಾಗಿಲ್ಲ."

ಅಮ್ಮ ಎದ್ದು ನಿಂತಳು. "ಯಾವ ಹೆಸ್ರಪ್ಪಾ?"

ಸಭೆಯೆಲ್ಲ ನಕ್ಕಿತು. ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡು ಮನೆಹೆಸರು: ಮೊದಲು ಅಪ್ಪನದು, ಆಮೇಲೆ ಅಮ್ಮನದು. ಇವಳು ಕಸಿಲ್ದಾ ಸಾಂದೊವಾಲ್ ಉರ್ರೂತಿಯಾ. ಸರ್ಕಾರಕ್ಕೆ ಬೇಕಾದದ್ದು ಸಾಂದೊವಾಲ್ ಮಾತ್ರ.

ಅಮ್ಮ ಚೀಲದಿಂದ ಒಂದು ಹಾಳೆ ತೆಗೆದಳು. ಕಾರ್ಖಾನೆಗೆ ಸೇರಿದಾಗಿನ ಅರ್ಜಿಯ ಪ್ರತಿ, ಕಚೇರಿಯವರು ಹುಡುಕಿ ಕೊಟ್ಟದ್ದಂತೆ. ನನಗೆ ತೋರಿಸಿರಲಿಲ್ಲ.

"ಎಲ್ಲರ ಮಡಕೇಲೇ ನಾನು ಕಳೆದೋದೆ. ಆದ್ರೂ ಅದು ಎಲ್ಲರ ಮಡಕೆ, ಹೋಗಿ ಜಗಳ ಆಡ್ಬಹುದು. ನನ್ನೊಬ್ಬಳ ಮಡಕೆ ಪೇಟೇಲಿ ಒಡೆದ್ರೆ ಯಾರ ಹತ್ರ ಹೋಗ್ಲಿ? ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ, ಮಗಾ."

ಅವನು ಹಾಳೆಯನ್ನು ನೋಡಿದ. "ಯಾರಮ್ಮಾ ಇದನ್ನ ತುಂಬಿದ್ದು? ‘ಕೊನೆಯ ಹೆಸರು’ ಅಂತ ಕೇಳಿರೋ ಕಡೆ ಉರ್ರೂತಿಯಾ ಅಂತ ಬರ್ದಿದ್ದಾರೆ. ಇಂಗ್ಲಿಷಲ್ಲಿ ಹಾಗಂದ್ರೆ ಅಪ್ಪನ ಮನೆಹೆಸ್ರು."

ನಾನು ಇಣುಕಿದೆ. ದುಂಡಗಿನ ಅಕ್ಷರಗಳು. ಐ ಅಕ್ಷರದ ಮೇಲೆ ಚುಕ್ಕಿಯ ಬದಲು ಪುಟ್ಟ ಸೊನ್ನೆ. ಆಗ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಹನ್ನೊಂದು ವರ್ಷದ ನಾನೊಬ್ಬಳೇ ಆಗಿದ್ದೆ. ಕೊನೆಯ ಹೆಸರು ಎಂದರೆ ಕೊನೆಗೆ ಬರುವ ಹೆಸರಲ್ಲವೇ? ಅದನ್ನೇ ಬರೆದಿದ್ದೆ.

"ಯಾರೋ ಗುಮಾಸ್ತ," ಎಂದಳು ಅಮ್ಮ. "ಪಾಪ, ಸತ್ತೋದ."

ನಾನು ಅವನ ಕೈಯಿಂದ ಹಾಳೆ ತೆಗೆದು ಮಡಚಿ ಅಮ್ಮನ ಚೀಲಕ್ಕೆ ಹಾಕಿದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಬಸ್ಸಿನಲ್ಲಿ ಕೇಳಿದೆ, "ನಿಂಗೆ ಯಾವಾಗ ಗೊತ್ತಾಯ್ತಮ್ಮಾ?"

"ಕಚೇರೀಲಿ ನೋಡಿದ ತಕ್ಷಣ. ಎಷ್ಟು ದುಂಡಗೆ ಬರೀತಿದ್ದೆ ಕಣೇ ನೀನು. ಆವತ್ತು ಕಾರ್ಖಾನೇಲಿ ಎಲ್ಲರಿಗೂ ತೋರಿಸಿದ್ದೆ, ನನ್ ಮಗಳು ಬರ್ದಿದ್ದು ಅಂತ."

ಹೊಸ ಯೋಜನೆಯ ಮಾತು ಆ ವರ್ಷವೇ ತಣ್ಣಗಾಯಿತು. ಅಮ್ಮ ಚಾದರ ಮಡಿಸುತ್ತಲೇ ಇದ್ದಳು. ಹತ್ತು ವರ್ಷ ತುಂಬಲು ಐದು ತಿಂಗಳಿದ್ದಾಗ, ಹೋಟೆಲಿನ ಬಟ್ಟೆ ಕೋಣೆಯಲ್ಲಿ ಕುಸಿದು ತೀರಿಕೊಂಡಳು.

ಸಮಾಧಿಕಲ್ಲು ಕೆತ್ತುವವನು ಒಂದು ಅರ್ಜಿ ಕೊಟ್ಟ. ಎರಡನೆಯ ಸಾಲಿನಲ್ಲಿ ‘ಕೊನೆಯ ಹೆಸರು’ ಎಂದಿತ್ತು. ಏನು ಬರೆಯಬೇಕೆಂದು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಜಿಯನ್ನು ಅವನತ್ತಲೇ ತಳ್ಳಿದೆ.

"ನೀವೇ ಬರ್ಕೊಳ್ಳಿ," ಎಂದೆ. "ನಂಗೆ ಬರೆಯೋಕೆ ಬರಲ್ಲ."