ಗುರಿ ಎಂಬ ಮಾತು

ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ನಾವು ಬರುವ ಹೊತ್ತಿಗೆ ಎರ್ಮೆಲಿನಾಳ ಬಾಗಿಲಡಿಯಲ್ಲಿ ಮಡಿಸಿದ ಕಾಗದವೊಂದು ಸಿಕ್ಕಿಕೊಂಡಿತ್ತು. ಅವಳು ಮುಟ್ಟಲಿಲ್ಲ. ಹೊಸ್ತಿಲಿನಿಂದ ಹಿಂದೆ ಸರಿದು, "ಕೊಮಾದ್ರೆ, ನೀನೇ ತೆಗಿ" ಎಂದಳು. ಅವಳ ಮಗಳು ನಾಯಿಬೆಗೆ ಜ್ಞಾನಸ್ನಾನದ ದಿನ ಧರ್ಮತಾಯಿಯಾದವಳು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ.

ಬಿಚ್ಚಿದೆ. ಮೇಲೆ ನಾಯಿಬೆಯ ಪೂರ್ತಿ ಹೆಸರು, ಮನೆಯ ವಿಳಾಸ. ಅದರ ಕೆಳಗೆ ದಪ್ಪಕ್ಷರದಲ್ಲಿ: ಗುರಿ.

ಎರ್ಮೆಲಿನಾ ದಪ್ಪಕ್ಷರವನ್ನಷ್ಟೇ ಓದಬಲ್ಲವಳು. ನನ್ನ ಭುಜದ ಮೇಲಿಂದ ಓದಿ ಅಲ್ಲೇ ನೆಲದ ಮೇಲೆ ಕುಳಿತಳು.

"ಹಾಗಾದ್ರೆ ಈ ಸಲ ನನ್ನ ಮಗಳು."

ನಮ್ಮ ನದೀತೀರದ ಊರುಗಳಲ್ಲಿ ಆ ಪದಕ್ಕೆ ಒಂದೇ ಅರ್ಥ. ಬಂದೂಕಿನವರ ಕಾಲದಲ್ಲಿ ಬಾಗಿಲಡಿ ಕಾಗದ ಬಂದು, ಅದರಲ್ಲಿ ಹೆಸರೂ 'ಗುರಿ' ಎಂಬ ಮಾತೂ ಇದ್ದರೆ, ಮನೆಯವರು ಒಲೆಯ ಮೇಲಿನ ಅನ್ನ ಇಳಿಸದೆ ದೋಣಿ ಹತ್ತುತ್ತಿದ್ದರು. ತನ್ನ ಹೆಸರು ಬಂದಾಗ ಎರ್ಮೆಲಿನಾಳ ಗಂಡ ದೋಣಿ ಹತ್ತಲಿಲ್ಲ.

ಹಿಂದೆ ಬರುತ್ತಿದ್ದ ನಾಯಿಬೆ ಓಡಿಬಂದು ಕಾಗದ ನೋಡಿದಳು. "ಅಯ್ಯೋ ಅಮ್ಮಾ, ಇದು ನನ್ನ ಬಾಳಿನ ಹಾಳೆ! ಕೆಲಸಕ್ಕೆ ಅರ್ಜಿ ಹಾಕೋರು ಕೊಡ್ತಾರಲ್ಲ, ಅದು. ಟೈಪಿಂಗ್ ಅಂಗಡಿ ದೋನ್ ಎವೆಲಿಯೊ ಟೈಪ್ ಮಾಡಿ ತುರುಕಿಟ್ಟು ಹೋಗಿದಾರೆ. ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡೋ ಕೆಲಸ. ನಾಳೆನೇ ಕೊನೇ ದಿನ."

"ಎವೆಲಿಯೊಗೆ ನಿನ್ನ ವಿಳಾಸ ಯಾಕೆ ಬೇಕಾಯ್ತು?"

"ಎಲ್ಲರದ್ದೂ ಹಾಕ್ತಾರಮ್ಮ."

"ಎಲ್ಲರದ್ದೂ! ಕೇಳಿದ್ಯಾ ಕೊಮಾದ್ರೆ? ಊರಿನ ಮನೆಮನೆ ಲೆಕ್ಕ ಅವನ ಹತ್ರ ಇದೆ."

ನಗಬೇಕೆಂದಿದ್ದೆ. ನಗು ಬರಲಿಲ್ಲ. ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದೆ: 'ಸಂಸ್ಥೆಯೊಂದಿಗೆ ಬೆಳೆಯುವುದು ಹಾಗೂ ಅದರ ಉದ್ದೇಶಗಳ ಸಾಧನೆಗೆ ನನ್ನನ್ನು ಸಂಪೂರ್ಣವಾಗಿ ಅರ್ಪಿಸಿಕೊಳ್ಳುವುದು.'

"ಯಾವ ಸಂಸ್ಥೆ? ಏನು ಉದ್ದೇಶ?" ಎರ್ಮೆಲಿನಾ ಎದ್ದಳು. "ಅವರೂ ಹೀಗೇ ಮಾತಾಡ್ತಿದ್ರು. ಕೊಡಿಲ್ಲಿ, ಒಲೆಗೆ ಹಾಕ್ತೀನಿ."

"ಹಾಕು! ನಾನು ಸಾಯೋವರೆಗೂ ಮೀನು ಸೀಳ್ತಾ ಕೂತಿರ್ತೀನಿ," ನಾಯಿಬೆ ಕಾಗದವನ್ನು ಎದೆಗೊತ್ತಿಕೊಂಡಳು.

ಪ್ರಾರ್ಥನೆಯ ಪದ್ಯಗಳನ್ನು ಕೇಳಿ ಕೇಳಿ ಬೆಳೆದ ಕಿವಿ ನನ್ನದು. ಆ ಸಾಲನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡೆ. ಎಷ್ಟು ಹುಡುಕಿದರೂ ಅದರೊಳಗೆ ನಾಯಿಬೆ ಸಿಗಲಿಲ್ಲ. ಅದನ್ನು ಯಾರು ಬೇಕಾದರೂ ಹೇಳಬಹುದಿತ್ತು, ಬಂದೂಕಿನವನೂ.

"ಮಗಳೇ, ಸಂಸ್ಥೆ ಹಾಳಾಗಲಿ. ಕೆಲಸ ಸಿಕ್ಕಿದ್ರೆ ನೀನೇನು ಮಾಡ್ತೀಯ, ಅದು ಹೇಳು."

"ಓದೋಕೆ ಬರದೋರಿಗೆ ಯಾವ ಗುಳಿಗೆ ಬೆಳಗ್ಗೆ, ಯಾವ್ದು ರಾತ್ರಿ ಅಂತ ಬಿಡಿಸಿ ಹೇಳ್ತೀನಿ. ಅವರು ನಂಗೆ ತಿರುಗಿ ಹೇಳೋವರೆಗೂ ಬಿಡಲ್ಲ."

"ಅದನ್ನೇ ಬರೆಸು."

"ಮೇಲಿನ ಆ ಪದನೂ ಹೋಗ್ಬೇಕು," ಎಂದಳು ಎರ್ಮೆಲಿನಾ.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಎವೆಲಿಯೊ ಗೊಣಗಿದ: "ಎಲ್ಲರೂ ಗುರಿ ಅಂತಾನೇ ಹಾಕೋದು ದೋನ್ಯಾ ಎರ್ಮೆಲಿನಾ. ನಾನೇನು ಕೊಲೆಗಾರನಾ?"

"ನಂಗೇನು ಗೊತ್ತು? ಯಾರೂ ಹಣೆ ಮೇಲೆ ಬರ್ಕೊಂಡು ತಿರುಗಲ್ಲ."

ಅವನು ಆ ಪದ ತೆಗೆದು 'ನಾನು ಮಾಡುವ ಕೆಲಸ' ಎಂದು ಹಾಕಿ, ಕೆಳಗೆ ನಾಯಿಬೆಯ ಮಾತನ್ನೇ ಟೈಪ್ ಮಾಡಿಕೊಟ್ಟ.

ಆರೋಗ್ಯ ಕೇಂದ್ರದ ಗುಮಾಸ್ತ ಕಾಗದಕ್ಕೆ ಕೈ ಚಾಚಿದ. ಇನ್ನೊಂದು ತುದಿಯನ್ನು ಎರ್ಮೆಲಿನಾ ಬಿಡಲಿಲ್ಲ.

"ಇದನ್ನ ಎಲ್ಲಿಡ್ತೀಯಪ್ಪ?"

"ಕಪಾಟಲ್ಲಿ."

"ಬೀಗ?"

"ಇದೆ. ಕೀ ನನ್ನ ಹತ್ರಾನೇ."

"ನೀನು ಯಾರ ಮಗ?"

"ಅಮ್ಮಾ, ಸಾಕು!" ನಾಯಿಬೆಯ ಕಣ್ಣಲ್ಲಿ ನೀರಾಡಿತು. ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ನಗಲಿಲ್ಲ.

"ಅನಾ ತುಲಿಯಾ ಮಗ. ಸಂತೇಲಿ ಬಾಳೆಕಾಯಿ ಮಾರ್ತಾರಲ್ಲ, ಅವರು."

ಎರ್ಮೆಲಿನಾ ಅವನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. "ಗೊತ್ತು ಗೊತ್ತು. ಕೊಳೆತಿದ್ದನ್ನ ಅಡಿಯಲ್ಲಿಟ್ಟು ಕೊಡ್ತಾಳೆ," ಎಂದು ಬೆರಳು ಸಡಿಲಿಸಿದಳು.