ರಾಣಿ ಬೊಮ್ಮಕ್ಕೆ ನಿಂತವಳು

“ಬರ್ತೀಯಾದ್ರ ಬಾ, ಬ್ಯಾಡ ಅನ್ನೂದಿಲ್ಲ. ಆದ್ರ ಅಲ್ಲಿ ಬಾಯಿ ತಗೀಬ್ಯಾಡ,” ಎಂದು ಸಿದ್ದರಾಮಪ್ಪ ಮನೆಯ ಮೆಟ್ಟಿಲ ಮೇಲೆಯೇ ಹೇಳಿದ. ಸುಂದರಾಬಾಯಿ ಸೆರಗು ಸರಿ ಮಾಡಿಕೊಂಡು ಗಂಡನಿಗಿಂತ ಮೊದಲು ಆಟೋ ಹತ್ತಿ ಕೂತಳು.

ಹೈದರಾಬಾದಿನ ಪ್ರತಿಮೆಗಳನ್ನೆಲ್ಲ ನಡೆದೇ ನೋಡಿ ಬರೋಣ ಎಂದು ಕನ್ನಡ ಸಂಘದವರು ಆ ಭಾನುವಾರ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಎಲ್ಲೆಲ್ಲಿ ನಿಲ್ಲುವುದು ಎಂಬುದು ಸಂಘದ ವಾಟ್ಸಾಪ್ ಗುಂಪಿಗೆ ಬಂದಿತ್ತು. ಅದರಲ್ಲಿ ರಾಣಿ ಬೊಮ್ಮವೂ ಇತ್ತು. ಹಿಮಾಯತ್‌ನಗರದಿಂದ ಕೆರೆ ಏರಿಯ ಕಡೆ ಹೋಗುವಾಗ ಸಿಗುವ ಪುಟ್ಟ ಉದ್ಯಾನದಲ್ಲಿ, ಕತ್ತಿ ಹಿಡಿದು ನಿಂತ ಕಂಚಿನ ಹೆಂಗಸು ಅದು. ಎಲ್ಲಿಯ ರಾಣಿ, ಯಾವ ಕಾಲದವಳು ಎಂಬುದನ್ನು ಊರು ಯಾವಾಗಲೋ ಮರೆತಿದೆ. ತೆಲುಗಿನಲ್ಲಿ ಬೊಮ್ಮ ಎಂದರೆ ಬೊಂಬೆ; ರಾಣಿ ಬೊಮ್ಮ ಎಂದರೆ ಬಸ್ಸಿನವರು ನಿಲ್ಲಿಸುತ್ತಾರೆ, ಅಷ್ಟೆ.

ಆ ರಾಣಿಯ ಮುಖ ಯಾರದೋ. ಕುತ್ತಿಗೆಯಿಂದ ಕೆಳಗೆ ಅವಳು ಸುಂದರಾಬಾಯಿ.

ಸರ್ಕಲ್ಲಿಗೊಂದು ಪ್ರತಿಮೆ ಎಬ್ಬಿಸುತ್ತಿದ್ದ ಎಂಬತ್ತರ ದಶಕದ ಮಾತು. ಅವಳಿಗಾಗ ಹತ್ತೊಂಬತ್ತು. ಸೋದರಮಾವ ಚಿತ್ರಕಲಾ ಶಾಲೆಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿಯ ಶಿಲ್ಪಿಯೊಬ್ಬರು ಎತ್ತರದ ಹುಡುಗಿ ಬೇಕೆಂದಾಗ ಅವಳನ್ನೇ ಕರೆದುಕೊಂಡು ಹೋದ. ತಗಡಿನ ಶೆಡ್ಡಿನಲ್ಲಿ ಕಚ್ಚೆ ಹಾಕಿ ಸೀರೆಯುಟ್ಟು, ಮರದ ಕತ್ತಿ ಹಿಡಿದು, ಒಂದು ಬೇಸಿಗೆಯಿಡೀ ಅವಳು ನಿಂತಳು. ಶಿಲ್ಪಿ ಮೊದಲು ಮಣ್ಣಿನಲ್ಲಿ ಮಾಡಿದರು, ಆಮೇಲೆ ಕಂಚಿನ ಎರಕ ಹೊಯ್ಸಿದರು. ‘ಗದ್ದ ಮೇಲೆ ಅಮ್ಮಾ, ಇನ್ನೂ ಮೇಲೆ’ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಅವಳಿಗೆ ಹಾಗೆ ಹೇಳಿದವರು ಅವರೊಬ್ಬರೇ. ಉಳಿದವರೆಲ್ಲ ತಲೆ ತಗ್ಗಿಸು ಎಂದವರು.

ಮದುವೆಯಾದ ಹೊಸದರಲ್ಲಿ, ಗಂಡನಿಗೆ ಖುಷಿಯಾದೀತು ಎಂದುಕೊಂಡು ಅವಳೇ ಬಾಯಿಬಿಟ್ಟು ಹೇಳಿದಳು. ಅವನು ಅಂದು ಊಟ ಬಿಟ್ಟ. ಕೋಠಿಯಲ್ಲಿ ಸೀರೆ ಅಂಗಡಿ ಇಟ್ಟವರ ಸೊಸೆ ಪರಗಂಡಸಿನ ಮುಂದೆ ದಿನಗಟ್ಟಲೆ ನಿಂತಿದ್ದಳು ಎಂದರೆ ಗಿರಾಕಿಗಳು ಏನಂದಾರು? ಅಂದಿನಿಂದ ಅವನ ಸ್ಕೂಟರ್ ಆ ಉದ್ಯಾನದ ಮುಂದೆ ಹಾಯಲಿಲ್ಲ, ಸುತ್ತುದಾರಿ ಹಿಡಿಯಿತು.

ಈಗ ಅದೇ ಉದ್ಯಾನದ ಗೇಟಿನೊಳಗೆ ಸಂಘದವರ ಜೊತೆ ಅವನೂ ಕಾಲಿಟ್ಟ.

ಪ್ರತಿಮೆಗಳ ಕಥೆ ಹೇಳುತ್ತಿದ್ದವಳು ಸಿಂಚನಾ. ಮೈಸೂರಿನ ಹುಡುಗಿ, ವಾರವಿಡೀ ಮಾದಾಪುರದ ಐಟಿ ಆಫೀಸು, ಭಾನುವಾರ ಈ ಹವ್ಯಾಸ. ಊರಿನ ಕಥೆಗಳನ್ನೆಲ್ಲ ತೆಲುಗಿನವರಿಂದ ಕೇಳಿ ಕಲಿತಿದ್ದರಿಂದ ಅವಳ ಬಾಯಲ್ಲಿ ಪ್ರತಿಮೆಗೆ ವಿಗ್ರಹ ಎಂದೇ ಬರುತ್ತಿತ್ತು. ವಿಗ್ರಹ ಎಂದ ಮೇಲೆ ನಮ್ಮವರು ಬಿಡುತ್ತಾರೆಯೇ? ಮೊದಲನೆಯ ಪ್ರತಿಮೆಯ ಮುಂದೆಯೇ ಸುಂದರಾಬಾಯಿಯ ಗೆಳತಿ ಪಾರ್ವತಿಬಾಯಿ ಚಪ್ಪಲಿ ಕಳಚಿ ಕೈ ಮುಗಿದಿದ್ದಳು. ಅವಳನ್ನು ನೋಡಿ ಉಳಿದವರೂ ಕಳಚಿದರು. “ಅಯ್ಯೋ, ಇದು ದೇವರಲ್ಲ ಆಂಟಿ,” ಎಂದು ಸಿಂಚನಾ ಹೇಳಿ ಹೇಳಿ ಸೋತಿದ್ದಳು.

ರಾಣಿಯ ಮುಂದೆಯೂ ಚಪ್ಪಲಿಗಳು ಸಾಲಾಗಿ ನಿಂತವು. ಕಟ್ಟೆ ಸೊಂಟದೆತ್ತರ ಮಾತ್ರ. ಒಬ್ಬೊಬ್ಬರೇ ಹೋಗಿ ಕಂಚಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಸಿದ್ದರಾಮಪ್ಪ ಮಾತ್ರ ದೂರ ನಿಂತು, ಸ್ವಚ್ಛವಾಗಿಯೇ ಇದ್ದ ಕನ್ನಡಕವನ್ನು ಒರೆಸುತ್ತಿದ್ದ.

ಸಂಘದ ಕಾರ್ಯದರ್ಶಿ ಗುರುಶಾಂತ ಯಾರನ್ನೂ ಸುಮ್ಮನೆ ಬಿಡುವ ಆಸಾಮಿಯಲ್ಲ. “ಏನ್ರಿ ಸಾವಕಾರ್ರ, ರಾಣಿ ಜೋಡಿ ಏನರ ಜಗಳ ಐತೇನು? ಬರ್ರಿ, ಕಾಲ್ ಮುಟ್ರಿ.”

ಯಾಕೆ ಮುಟ್ಟುವುದಿಲ್ಲ ಎಂದು ಹೇಳುವುದಕ್ಕಿಂತ ಮುಟ್ಟುವುದೇ ಸುಲಭವಾಗಿತ್ತು. ಸಿದ್ದರಾಮಪ್ಪ ಬಗ್ಗಿದ. ಎರಡು ಬೆರಳ ತುದಿ ತಾಗಿಸಿ, ಕಣ್ಣಿಗೊತ್ತಿಕೊಂಡು, ಹೆಂಡತಿಯ ಕಡೆ ನೋಡದೆ ಹಿಂದೆ ಸರಿದ. ಸುಂದರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗು ನುಂಗಿದಳು. ಇಷ್ಟೇ ಆಗಿದ್ದರೆ ಅವಳು ಸುಮ್ಮನೆ ಮನೆಗೆ ಹೋಗುತ್ತಿದ್ದಳೇನೋ.

“ಇದರ ಹಿಂದೆ ಒಂದು ಮಜವಾದ ಕಥೆ ಇದೆ,” ಎಂದಳು ಸಿಂಚನಾ. “ಆಗೆಲ್ಲ ಮಾಡೆಲ್ ಆಗಿ ನಿಲ್ಲೋಕೆ ಮರ್ಯಾದಸ್ಥ ಮನೆ ಹೆಣ್ಣುಮಕ್ಕಳು ಬರ್ತಾನೇ ಇರ್ಲಿಲ್ವಂತೆ. ಕೊನೆಗೆ ಆರ್ಟಿಸ್ಟು ಒಬ್ಬ ಹುಡುಗನಿಗೆ ಸೀರೆ ಉಡಿಸಿ ನಿಲ್ಲಿಸಿದ್ರಂತೆ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಿದ್ದರಾಮಪ್ಪ. “ಬರೋಬ್ಬರಿ ಐತಿ. ಗಂಡಸ ಇರಬೇಕು. ಆ ತೋಳು ನೋಡ್ರಿ, ಹೆಂಗಸಿಂದು ಅನಸ್ತೈತೇನು?”

ಹೇಳದೆ ಇರುವುದನ್ನು ಸುಂದರಾಬಾಯಿ ಇಷ್ಟು ವರ್ಷ ಸಹಿಸಿದ್ದಳು. ಈಗ ಅವಳ ತೋಳನ್ನು ಅವಳ ಗಂಡನೇ ಯಾವನೋ ಹುಡುಗನಿಗೆ ಕೊಟ್ಟುಬಿಟ್ಟ.

“ಹುಡುಗ ಅಲ್ಲ,” ಎಂದಳು. “ಅಲ್ಲಿ ನಿಂತಾಕಿ ನಾನು.”

ನಗು ಅಲ್ಲಲ್ಲೇ ನಿಂತಿತು. ಸಿದ್ದರಾಮಪ್ಪ ಮುಂದೆ ಬಂದ. “ಚಾಷ್ಟಿ ಮಾಡಾಕತ್ತಾಳ್ರಿ. ಈಕಿದು ಮೊದಲಿಂದ ಹಿಂಗ.” ಆಮೇಲೆ ಹೆಂಡತಿಯನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಬೇಡಿಕೆಯಿತ್ತು. ಅವಳೂ ಒಮ್ಮೆ ನಕ್ಕುಬಿಟ್ಟರೆ ಸಾಕು, ಅದು ಚಾಷ್ಟಿಯೇ ಆಗಿಬಿಡುತ್ತಿತ್ತು. ಎಲ್ಲರೂ ಮುಂದಿನ ಪ್ರತಿಮೆಯ ಕಡೆ ಹೊರಟುಬಿಡುತ್ತಿದ್ದರು. ತಪ್ಪಿಸಿಕೊಳ್ಳುವ ಬಾಗಿಲನ್ನು ಅವನು ತೆರೆದು ಹಿಡಿದಿದ್ದ. ಅವಳು ದಾಟಲಿಲ್ಲ.

“ಚಾಷ್ಟಿ ಅಲ್ಲ. ಲಗ್ನಕ್ಕ ಮೊದಲ ಇಲ್ಲೇ ಚಿತ್ರಕಲಾ ಶಾಲ್ಯಾಗ ನಿಂತಿದ್ದೆ. ಇವರಿಗೂ ಗೊತ್ತೈತಿ.”

“ಏ ಸುಂದರಾ, ಖರೇನ?” ಎಂದು ಪಾರ್ವತಿಬಾಯಿ ದನಿ ಇಳಿಸಿದಳು. “ಗಂಡಸರ ಮುಂದ, ಹಂಗ ಕಚ್ಚಿ ಹಾಕ್ಕೊಂಡು?”

“ಹೂಂ. ಮೈ ತುಂಬ ಉಟ್ಟಿದ್ದೆ. ಉಡದ ನಿಂತಿದ್ರೂ ಈಗ ಅಂಜೂದು ಏನೈತಿ, ಪಾರ್ವತಿ?”

ಗುರುಶಾಂತ ಗಂಟಲು ಸರಿಮಾಡಿಕೊಂಡ. “ಅಲ್ರಿ ಅಕ್ಕಾರ, ಯಾರರ ನಂಬಬೇಕಂದ್ರ ಗುರ್ತು ಬೇಕಲ್ಲ?”

ಸುಂದರಾಬಾಯಿ ನೆರಿಗೆ ತುಸು ಎತ್ತಿ ಬರಿಗಾಲನ್ನು ಕಟ್ಟೆಯ ಮೆಟ್ಟಿಲ ಮೇಲಿಟ್ಟಳು. ಹೆಬ್ಬೆರಳಿನ ಪಕ್ಕದ ಬೆರಳು ಹೆಬ್ಬೆರಳಿಗಿಂತ ಉದ್ದ. ಹೆಣ್ಣು ನೋಡಲು ಬಂದಾಗ ಅತ್ತೆ ಅದನ್ನು ಗಮನಿಸಿ ಮುಖ ಸಿಂಡರಿಸಿದ್ದಳು. ಆಮೇಲೆ ಆ ಬೆರಳಿಗೆ ಬಿಗಿಯಾದ ಕಾಲುಂಗುರ ತೊಡಿಸಿ, ಹೊಸಿಲು ದಾಟುವಾಗ ಮಡಚಿಕೋ ಎಂದಿದ್ದಳು. ಶಿಲ್ಪಿ ಏನನ್ನೂ ಮಡಚಿಸಿರಲಿಲ್ಲ. ಇದ್ದದ್ದನ್ನು ಇದ್ದಂತೆ ಮಾಡಿದ್ದರು.

ಪಾರ್ವತಿಬಾಯಿ ಬಗ್ಗಿ ಇದನ್ನು ನೋಡಿದಳು, ಎದ್ದು ಕಂಚಿನ ಪಾದವನ್ನು ನೋಡಿದಳು. “ಯವ್ವಾ, ಗಂಡನ್ನ ಆಳೋ ಬೆರಳು. ಎರಡೂ ಕಡೆ ಅದ.”

“ಹಂಗಾರ ಸಾವಕಾರ್ರು ಈಗ ಯಾರ ಕಾಲ್ ಮುಟ್ಟಿದ್ರು?” ಎಂದ ಗುರುಶಾಂತ.

ಈ ಸಲದ ನಗು ನಿಲ್ಲಲು ಹೊತ್ತು ಹಿಡಿಯಿತು. ಸಿದ್ದರಾಮಪ್ಪ ನಗಲಿಲ್ಲ. ಹೆಂಡತಿಯ ಹತ್ತಿರ ಬಂದು, “ನಡಿ ಮನಿಗೆ,” ಎಂದ.

“ನೀವು ನಡೀರಿ. ನೋಡೂದು ಇನ್ನ ಭಾಳ ಐತಿ.”

“ಇಷ್ಟ ವರ್ಷ ನಾ ಯಾರ ಮುಂದೂ ಅಂದಿಲ್ಲ, ಸುಂದರಾ.” ಅವನ ದನಿ ಸಣ್ಣಗಾಗಿತ್ತು.

“ನೀವು ಅನ್ನೂದು ಏನಿತ್ರಿ ಅದರಾಗ? ಅನ್ನಬೇಕಾದಾಕಿ ನಾನು. ನನ್ನ ಬಾಯಿ ಮುಚ್ಚಿಸಿದ್ರಿ.”

ಅವನು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದ. ಆಟೋದವನೊಬ್ಬ, “ಕಿಧರ್ ಜಾನಾ, ಸಾಬ್?” ಎಂದು ಕೇಳಿದ್ದು ಒಳಗಿನವರಿಗೂ ಕೇಳಿಸಿತು.

ಸಿಂಚನಾಳ ಮುಖ ಕೆಂಪಾಗಿತ್ತು. “ಸಾರಿ ಆಂಟಿ, ನನಗೆ ಯಾರೋ ಹೇಳಿದ್ದು ಅದು. ಮುಂದಿನ ಸಲದಿಂದ ಸರಿಯಾಗಿ ಹೇಳ್ತೀನಿ. ಹೆಸರು ಹೇಗೆ ಹೇಳ್ಲಿ? ಕೋಠಿ ಸಿದ್ದರಾಮಪ್ಪ ಅವರ ಮಿಸೆಸ್ ಅಂತ ಹೇಳ್ಲಾ?”

“ಬ್ಯಾಡ. ಬರೇ ಸುಂದರಾ ಅಂತ ಹೇಳು. ಆವಾಗ ನನಗ ಲಗ್ನ ಆಗಿದ್ದಿಲ್ಲ.”

ಗುಂಪು ರಸ್ತೆ ದಾಟಿತು. ಮುಂದಿನದು ಕುದುರೆಯ ಮೇಲೆ ಕೂತ ಯಾವುದೋ ದೊರೆ. ಎದೆ ಉಬ್ಬಿಸಿ, ಮೀಸೆ ತಿರುವಿ ಕೂತಿದ್ದ. ಅವನು ಗೆದ್ದ ಕೋಟೆಗಳ ಹೆಸರನ್ನು ಸಿಂಚನಾ ಒಂದೊಂದಾಗಿ ಹೇಳತೊಡಗಿದಳು. ಸುಂದರಾಬಾಯಿ ಜನರನ್ನು ಸರಿಸಿಕೊಂಡು ಮುಂದೆ ಬಂದು ನಿಂತಳು.

“ಅದಿರಲಿ ಬಿಡವಾ. ಇವರಿಗೆ ಯಾರು ನಿಂತಿದ್ರಂತ?”

“ಗೊತ್ತಿಲ್ಲ ಆಂಟಿ.”

“ಮತ್ತ ಕೇಳಿ ತಿಳ್ಕೋ. ಯಾರರ ನಿಂತಿರ್ತಾರ. ಆ ಕುದುರಿನೂ ಯಾರದರ ಟಾಂಗಾದ್ದು ಇರಬೇಕು.”