ಆಮೇಲಪ್ಪ ಹತ್ತಿದ ಬಸ್ಸು

ಬೆಳಗಿನ ಕೋಣೆ ಎಂದರೆ ಆ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಗೇಟಿನ ಪಕ್ಕದ ಪುಟ್ಟ ಕೋಣೆ. ಎರಡು ಕಿಟಕಿ, ಉದ್ದನೆಯ ಒಂದು ಚಾಪೆ, ಮೂಲೆ ಮುದುರಿದ ಕಥೆಪುಸ್ತಕಗಳ ಕಪಾಟು. ಹೊತ್ತು ಮೂಡುವ ಮೊದಲೇ ಕೆಲಸಕ್ಕೆ ಓಡುವ ತಾಯಿತಂದೆಯರು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಶಾಲೆಯ ಗಂಟೆ ಬಾರಿಸುವವರೆಗೆ ಪೋಷಕರ ಸಂಘದವರು ಸರದಿಯಲ್ಲಿ ಬಂದು ಆ ಮಕ್ಕಳ ಜೊತೆ ಕೂರುತ್ತಾರೆ. ಬೇರೆಯವರ ಮಗುವನ್ನು ತನ್ನದೆಂದು ಒಂದು ತಾಸು ನೋಡಿಕೊಳ್ಳುವುದೂ ಒಂದು ಪೂಜೆಯೇ. ಆದರೆ ಪೂಜೆಗೂ ಮುಂದೆ ನಿಂತು ನಡೆಸುವವರೊಬ್ಬರು ಬೇಕು. ಸಂಘದ ಅಧ್ಯಕ್ಷರಿಗೆ ಬೇರೆ ಊರಿಗೆ ವರ್ಗವಾದದ್ದೇ ತಡ, ದಾರ ಹರಿದ ಮಣಿಗಳಂತೆ ಸರದಿಯವರೆಲ್ಲ ಚೆಲ್ಲಾಪಿಲ್ಲಿಯಾದರು.

ದಿನಾ ಮಗಳನ್ನು ಆ ಕೋಣೆಯಲ್ಲಿ ಬಿಡುವ ಬೇಕರಿಯವಳನ್ನು ಹೆಡ್ ಮೇಡಂ ಕರೆದು ಹೇಳಿದರು.

“ನೋಡಮ್ಮಾ, ಶನಿವಾರ ಸಭೆ ಇದೆ. ಒಬ್ಬರು ಅಧ್ಯಕ್ಷರು, ಐದು ಬೆಳಗಿಗೂ ಜನ, ಇಷ್ಟು ಸಿಕ್ಕಿದ್ರೆ ಕೋಣೆ ಉಳಿಯುತ್ತೆ. ಇಲ್ಲಾಂದ್ರೆ ಸೋಮವಾರದಿಂದ ಬೀಗ. ದೊಡ್ಡವರು ಯಾರೂ ಇಲ್ಲದೆ ಮಕ್ಕಳನ್ನ ಬಿಡೋ ಧೈರ್ಯ ನನಗಿಲ್ಲ.”

ಬೇಕರಿಯಲ್ಲಿ ನಸುಕಿಗೇ ಒಲೆ ಹೊತ್ತಿಸುವವಳು ಅವಳೇ. ಊರು ಏಳುವ ಹೊತ್ತಿಗೆ ಬ್ರೆಡ್ಡು ಬೆಂದಿರಬೇಕು. ಗಂಡ ಹಡಗಿನ ಕೆಲಸದವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಅಣ್ಣ ಟೌನ್ ಬಸ್ಸಿನ ಡ್ರೈವರ್, ಬೆಳಗಿನ ಮೊದಲ ಬಸ್ಸೇ ಅವನದು. ಕೋಣೆಗೆ ಬೀಗ ಬಿದ್ದರೆ ಎರಡನೇ ತರಗತಿಯ ಮಗಳನ್ನು ಬಿಡುವುದೆಲ್ಲಿ? ಮಗಳನ್ನು ಬಿಡಲು ಜಾಗವಿಲ್ಲದಿದ್ದರೆ ಒಲೆಯ ಕೆಲಸಕ್ಕೆ ಎಳ್ಳುನೀರು. ಮಾಲೀಕರು ಆಗಲೇ ಬೇರೆಯವರನ್ನು ವಿಚಾರಿಸತೊಡಗಿದ್ದರು.

ಆ ವಾರವೆಲ್ಲ ಅವಳು ಬ್ರೆಡ್ಡು ಕಟ್ಟಿಕೊಡುತ್ತಲೇ ಜನರನ್ನು ಹಿಡಿದಳು. ಒಬ್ಬಳು “ನನಗೆ ಬೆಳಗ್ಗೆ ಕಣ್ಣೇ ಬಿಡೋಕಾಗಲ್ಲ ಕಣೇ” ಎಂದಳು. ಇನ್ನೊಬ್ಬರು “ಬೇರೆಯವರು ಬಂದ್ರೆ ನಾನೂ ಬರ್ತೀನಿ” ಎಂದರು. ಎಲ್ಲರೂ ಆ ಬೇರೆಯವರನ್ನೇ ಕಾಯುತ್ತಿದ್ದರು.

ಅವಳ ಕಣ್ಣಿದ್ದದ್ದು ಫೋಟೋ ಸ್ಟುಡಿಯೋದವನ ಮೇಲೆ. ಅವನ ಮಗಳದೂ ಅದೇ ಶಾಲೆ. ಊರಿನ ಮುಖಗಳೆಲ್ಲ ಅವನ ಮುಂದೆ ಕೂತೆದ್ದವೇ. ಎಂಥ ಮುನಿಸಿನವರನ್ನೂ ಒಂದು ಮಾತಿನಲ್ಲಿ ನಗಿಸುತ್ತಿದ್ದ. ಆದರೆ ಯಾವ ಜವಾಬ್ದಾರಿ ಹೇಳಿದರೂ “ಆಮೇಲೆ ನೋಡೋಣ” ಎನ್ನುತ್ತಿದ್ದದ್ದಕ್ಕೆ ಊರು ಅವನಿಗೆ ಆಮೇಲಪ್ಪ ಎಂದೇ ಹೆಸರಿಟ್ಟಿತ್ತು.

“ಅಣ್ಣಾ, ನೀವು ಅಧ್ಯಕ್ಷರಾಗ್ಬೇಕು” ಎಂದಳು ಬೇಕರಿಯವಳು, ಸ್ಟುಡಿಯೋದ ಬಾಗಿಲಲ್ಲೇ ನಿಂತು.

“ಆಮೇಲೆ ನೋಡೋಣ ತಾಯಿ.”

“ಸಭೆಗಾದ್ರೂ ಬನ್ನಿ.”

“ಅದನ್ನೂ ಆಮೇಲೆ ನೋಡೋಣ.”

“ಶನಿವಾರ ಕಳೆದ್ಮೇಲೆ ಆಮೇಲೆ ಅನ್ನೋದೇ ಇರಲ್ಲಣ್ಣ.”

ಅವನು ಲೆನ್ಸ್ ಒರೆಸುತ್ತ ಮೆಲ್ಲಗೆ ಹೇಳಿದ. “ಕ್ಯಾಮೆರಾ ಹಿಂದೆ ನಾನು ಹುಲಿ. ಮುಂದೆ ಬಂದ್ರೆ ನಾಲಿಗೆ ಒಣಗಿ ಹೋಗುತ್ತೆ. ನನ್ನನ್ನ ಬಿಟ್ಬಿಡಮ್ಮ.”

ಶನಿವಾರ ಬಂತು. ಹೊಳೆಯಾಚೆಯ ಬಡಾವಣೆಯಿಂದ ಪೋಷಕರನ್ನು ಕರೆತರಲು ಹೆಡ್ ಮೇಡಂ ಶಾಲೆಯ ಹಳೇ ಬಸ್ಸು ಕೊಟ್ಟರು. ರಜೆಯಲ್ಲಿದ್ದ ಅಣ್ಣ ತಂಗಿಗೋಸ್ಕರ ಸ್ಟಿಯರಿಂಗ್ ಹಿಡಿದ. ಹೊಳೆಯಾಚೆ ಹತ್ತಿಸಿಕೊಂಡು ನೇರ ಶಾಲೆಗೆ ಬಂದರೆ ಮುಗಿಯಿತು, ಅಷ್ಟೇ ಕೆಲಸ.

ಆದರೆ ವರ್ಷಗಟ್ಟಲೆ ಒಂದೇ ದಾರಿಯಲ್ಲಿ ಓಡಿದ ಕಾಲು ಮನಸ್ಸಿನ ಮಾತು ಕೇಳುತ್ತದೆಯೇ? ಹೊಳೆಯಾಚೆಯಿಂದ ಮರಳುವಾಗ ಮೊದಲ ಸ್ಟಾಪು ಕಂಡಿತು, ಬಸ್ಸು ನಿಂತಿತು, ಬಾಗಿಲು ತೆರೆಯಿತು. ನಿಂತಿದ್ದವರು ಬಸ್ಸಿನ ಬಣ್ಣ ನೋಡಲಿಲ್ಲ. ದಿನಾ ಕಾಣುವ ಡ್ರೈವರಿನ ಮುಖ ನೋಡಿ ಹತ್ತಿದರು. ಎರಡನೇ ಸ್ಟಾಪಿನಲ್ಲೂ ಹಾಗೇ. ಮೂರನೆಯದರಲ್ಲಿ ಆಮೇಲಪ್ಪ ನಿಂತಿದ್ದ. ಹೆಂಡತಿ ಸಭೆಗೆ ಹೋಗೆಂದು ಪೀಡಿಸಿದ್ದಕ್ಕೆ, ಫ್ರೇಮಿಗೆ ಗಾಜು ತರಬೇಕೆಂದು ನೆಪ ಹೇಳಿ ಪೇಟೆಗೆ ತಪ್ಪಿಸಿಕೊಂಡು ಹೊರಟಿದ್ದ. ಬಸ್ಸು ಸಿಕ್ಕಿತಲ್ಲ ಎಂದು ದೇವರನ್ನು ನೆನೆದು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ. ದೇವರಿಗೂ ಅವನ ನೆನಪಿತ್ತೆಂದು ಆಗ ಅವನಿಗೆ ತಿಳಿಯಲಿಲ್ಲ.

ಇತ್ತ ಶಾಲೆಯ ಸಭಾಂಗಣದಲ್ಲಿ ಬೆರಳೆಣಿಕೆಯ ಜನ, ಅವರೂ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಕೂತಿದ್ದರು. ಬೇಕರಿಯವಳು ಬಾಗಿಲಿಗೂ ಗೇಟಿಗೂ ಅಲೆಯುತ್ತಿದ್ದಾಗ ಬಸ್ಸು ಬಂತು. ಜನ ಇಳಿದರು, ಇಳಿಯುತ್ತಲೇ ಇದ್ದರು. ಹೊಳೆಯಾಚೆಯ ಪೋಷಕರ ಬೆನ್ನಿಗೆ ತರಕಾರಿ ಚೀಲದವಳು, ಕೊಡೆ ರಿಪೇರಿಗೆ ಹೊರಟವನು, ಕೆನ್ನೆ ಊದಿದ ಒಬ್ಬ ಅಜ್ಜ.

“ಇದು ಹಲ್ಲಿನ ಆಸ್ಪತ್ರೆ ಅಲ್ವೇನಮ್ಮ?” ಎಂದ ಅಜ್ಜ.

“ಅಲ್ಲ ಅಜ್ಜ, ಶಾಲೆ.”

“ಅಯ್ಯೋ ಶಿವನೇ! ಹಲ್ಲು ಕೀಳಿಸ್ಕೊಳ್ಳೋದೇ ವಾಸಿಯಾಗಿತ್ತು.”

ಬೇಕರಿಯವಳು ಅಣ್ಣನ ಕಡೆ ತಿರುಗಿದಳು. “ಎಲ್ಲಾ ಸ್ಟಾಪಲ್ಲೂ ನಿಲ್ಲಿಸಿದ್ಯಾ?”

“ಕಾಲು ತಾನೇ ಬ್ರೇಕ್ ಮೇಲೆ ಹೋಯ್ತು ಕಣೇ” ಎಂದು ಅವನು ತಲೆ ಕೆರೆದುಕೊಂಡ. “ಟಿಕೆಟ್ ಕೊಡಲಿಲ್ಲವಲ್ಲ, ಅಷ್ಟು ಪುಣ್ಯ.”

ಕೊನೆಗೆ ಇಳಿದವನು ಅಜ್ಜನ ಬೆನ್ನ ಹಿಂದೆ ಕುಗ್ಗಿಕೊಂಡು ಗೇಟಿನತ್ತ ಜಾರುತ್ತಿದ್ದ. ಅಷ್ಟರಲ್ಲಿ ತರಗತಿಯ ಕಿಟಕಿಯಿಂದ ಪುಟ್ಟ ಹುಡುಗಿಯೊಬ್ಬಳ ಕೂಗು ಕೇಳಿತು. “ಅಪ್ಪಾ! ನೀನೂ ಬಂದ್ಯಾ! ಏಯ್, ನಮ್ಮಪ್ಪ ಬಂದ್ರು ಕಣ್ರೇ!”

ಆಮೇಲಪ್ಪನ ಕಾಲು ಅಲ್ಲೇ ನಿಂತಿತು. ಮಗಳ ಆ ಮುಖ ನೋಡಿದ ಮೇಲೆ ಗೇಟು ದಾಟುವುದು ಯಾವ ತಂದೆಯಿಂದಾದೀತು?

ಸಭೆ ಶುರುವಾಯಿತು. ಹೆಡ್ ಮೇಡಂ ಕೋಣೆಯ ವಿಷಯ ಹೇಳಿ, “ಯಾರು ಬರ್ತೀರಿ?” ಎಂದರು. ಎಲ್ಲರಿಗೂ ಒಮ್ಮೆಲೇ ಮೇಲಿನ ಫ್ಯಾನು ಬಹಳ ಸುಂದರವಾಗಿ ಕಂಡಿತು. ಬೇಕರಿಯವಳು ಸೆರಗಿನ ತುದಿಯನ್ನು ಬಿಗಿಹಿಡಿದು ಮನಸ್ಸಿನಲ್ಲೇ ಕೈ ಮುಗಿದಳು.

ಒಂದು ಕೈ ಮೇಲೆದ್ದಿತು. ಕೆನ್ನೆ ಊದಿದ ಅಜ್ಜನದು.

“ನಾನು ಕೂರ್ತೀನಿ. ಬಾಯಲ್ಲಿ ಹಲ್ಲು ಕಮ್ಮಿ, ಕಥೆ ಕಮ್ಮಿ ಇಲ್ಲ.”

“ಈ ಶಾಲೆಯಲ್ಲಿ ನಿಮ್ಮ ಮಗು ಇರಬೇಕಲ್ಲ ಅಜ್ಜ” ಎಂದರು ಹೆಡ್ ಮೇಡಂ, ನಗು ತಡೆದುಕೊಂಡು.

“ಓಹೋ! ಹಾಗಾದ್ರೆ ಮಕ್ಕಳಿರೋರು ಫ್ಯಾನ್ ನೋಡ್ಬೇಕು, ಹಲ್ಲು ನೋವಿನೋನು ಕೈ ಎತ್ಬೇಕು ಅನ್ನಿ!”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಗು ಇಳಿಯುವಷ್ಟರಲ್ಲಿ ನಾಚಿಕೆ ಏರಿತು. ಕಣ್ಣೇ ಬಿಡಲಾಗದವಳ ಕೈ ಮೊಣಕೈವರೆಗೆ ಎದ್ದಿತು. ಅದನ್ನು ನೋಡಿ ಪಕ್ಕದವರದು. ಆಮೇಲೆ ತಡೆಯೇ ಇಲ್ಲ. ಎಲ್ಲರೂ ಎದ್ದು ಮುಂದೆ ನುಗ್ಗಿದರು. “ನನಗೆ ಶುಕ್ರವಾರ!” “ನನಗೂ ಶುಕ್ರವಾರ!” “ಸೋಮವಾರ ಯಾರಿಗೂ ಬೇಡ್ವೇನ್ರೀ?” ಒಬ್ಬರ ಮಾತು ಒಬ್ಬರಿಗೆ ಕೇಳದು. ಮೇಡಂ ಮೇಜು ಬಡಿದರೂ ಗದ್ದಲ ನಿಲ್ಲಲಿಲ್ಲ. ಸಿಕ್ಕಿದ ಜನವೆಲ್ಲ ಮತ್ತೆ ಚದುರಿ ಮನೆಗೆ ಹೋದಾರೆಂದು ಬೇಕರಿಯವಳು ಬಾಗಿಲಿಗೆ ಅಡ್ಡ ನಿಂತಳು.

ಗೋಡೆಗೊರಗಿದ್ದ ಆಮೇಲಪ್ಪ ಚಡಪಡಿಸತೊಡಗಿದ. ಅಡ್ಡಾದಿಡ್ಡಿ ನಿಂತ ಗುಂಪನ್ನು ನೋಡಿ ಸುಮ್ಮನಿರುವುದು ಅವನ ಹಣೆಯಲ್ಲೇ ಬರೆದಿರಲಿಲ್ಲ.

“ಹಾಗಲ್ಲ! ಹಾಗೆ ಮುತ್ತಿಕೋಬೇಡಿ!” ಎಂದು ಕೂಗುತ್ತಲೇ ನಡುವೆ ನುಗ್ಗಿದ. “ಎತ್ತರದೋರೆಲ್ಲ ಹಿಂದೆ, ನೀವು ಸೋಮವಾರ. ಅಕ್ಕಾ, ಕೈಚೀಲ ಕೆಳಗಿಡಿ, ಈ ಕಡೆ ಬನ್ನಿ, ಮಂಗಳವಾರ. ಕನ್ನಡಕದೋರು ಬುಧವಾರ. ಮುಖ ಎತ್ತಿ ಸಾರ್, ಗುರುವಾರ ಅಂದ್ರೆ ಗಲ್ಲಿಗೇರಿಸ್ತಾರಾ? ಶುಕ್ರವಾರಕ್ಕೆ ಕಿತ್ತಾಡ್ದೋರೆಲ್ಲ ಮುಂದೆ ಕೂತ್ಕೊಳ್ಳಿ. ಅಜ್ಜಾ, ನೀವು ಅತಿಥಿ, ಕುರ್ಚಿ ಮೇಲೆ.”

ಊರೆಲ್ಲ ಎಂದಾದರೊಂದು ದಿನ ಅವನ ಮಾತು ಕೇಳಿ ನಿಂತದ್ದೇ. ಮರುಮಾತಿಲ್ಲದೆ ನಿಂತರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಐದು ಬೆಳಗುಗಳು ಐದು ಸಾಲಾಗಿ ನಿಂತಿದ್ದವು. ಆಮೇಲಪ್ಪ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಹುಬ್ಬು ಗಂಟಿಕ್ಕಿತು.

“ಮಧ್ಯೆ ಖಾಲಿ ಬಿಟ್ಟಿದ್ದೀರಲ್ರೀ. ಅಲ್ಲಿ ಯಾರು ನಿಲ್ಬೇಕು?”

ಬೇಕರಿಯವಳು ಮೆಲ್ಲಗೆ ಹೇಳಿದಳು. “ಊರಿನ ಎಲ್ಲರ ಫೋಟೋನೂ ತೆಗೆದ್ರಿ ಅಣ್ಣ. ಒಂದರಲ್ಲೂ ನೀವಿಲ್ಲ.”

“ನನಗೆ ಮುಂದೆ ನಿಂತ್ರೆ...” ಎಂದವನು ನಿಲ್ಲಿಸಿದ. ಇಷ್ಟು ಹೊತ್ತು ಎಲ್ಲರ ಮುಂದೆ ನಿಂತೇ ಗಂಟಲು ಹರಿಯುವಂತೆ ಕೂಗಿದ್ದು ಆಗಷ್ಟೇ ಅವನ ಅರಿವಿಗೆ ಬಂದಂತಿತ್ತು. ಕಿಟಕಿಯಲ್ಲಿ ಮಗಳ ಮೂಗು ಗಾಜಿಗೊತ್ತಿ ಚಪ್ಪಟೆಯಾಗಿತ್ತು. ಅವನು ನಡೆದು ಹೋಗಿ ಖಾಲಿ ಜಾಗದಲ್ಲಿ ನಿಂತ. ಡ್ರೈವರ್ ಅಣ್ಣ ಹೊಡೆದ ಸಿಳ್ಳಿಗೆ ಸಭಾಂಗಣದ ತಗಡು ಅದುರಿತು.

ಫೋಟೋ ತೆಗೆದವರು ಹೆಡ್ ಮೇಡಂ, ತಮ್ಮ ಫೋನಿನಲ್ಲಿ. ಹೊಸ ಅಧ್ಯಕ್ಷರ ಬಾಯಿ ಅದರಲ್ಲಿ ಪೂರ್ತಿ ತೆರೆದಿದೆ, ಒಂದು ಕೈ ಗಾಳಿಯಲ್ಲಿದೆ. “ಮೇಡಂ, ಫೋನ್ ಸ್ವಲ್ಪ ಮೇಲೆ!” ಎನ್ನುತ್ತಿದ್ದಾಗಲೇ ತೆಗೆದದ್ದು.

ಸೋಮವಾರ ನಸುಕಿನಲ್ಲಿ ಮಗಳ ಕೈ ಹಿಡಿದು ಬೇಕರಿಯವಳು ಗೇಟಿನ ಹತ್ತಿರ ಬಂದಾಗ ಬೆಳಗಿನ ಕೋಣೆಯ ದೀಪ ಆಗಲೇ ಉರಿಯುತ್ತಿತ್ತು. ಒಳಗೆ ಎತ್ತರದವರೊಬ್ಬರು ಚಾಪೆ ಹಾಸುತ್ತಿದ್ದರು. ಅದು ಸೊಟ್ಟಗಾಯಿತೆಂದು ಆಮೇಲಪ್ಪ ಪಕ್ಕದಲ್ಲಿ ನಿಂತು ಜಗಳ ತೆಗೆದಿದ್ದ. ಮಗಳು ಕೈ ಬಿಡಿಸಿಕೊಂಡು ಒಳಗೋಡಿದಳು. ತಾಯಿ ಆ ಬೆಳಕಿಗೆ ಒಮ್ಮೆ ಕೈ ಮುಗಿದು ಒಲೆಯ ಕಡೆಗೆ ಓಡಿದಳು.